ಕುಂಡದ ತಳದಲ್ಲಿ ಕೆಂಪು ಉಂಗುರ: ಬ್ರಹ್ಮಗಿರಿಯ ಕಪ್ಪು-ಕೆಂಪು ಮಡಕೆಯನ್ನು ಗಿಡಕ್ಕೆ ಒಗ್ಗಿಸುವುದು ಹೇಗೆ?

ತಿಗರಿಯ ಮುಂದೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಹಿತ್ತಲಿನಲ್ಲಿ ತಿಗರಿ (ಕುಂಬಾರರ ಚಕ್ರ) ಹಾಕಿಕೊಂಡು ಗಿಡದ ಕುಂಡಗಳನ್ನು ಮಾಡುತ್ತಿದ್ದೇನೆ. ಕುಂಬಾರರ ಮನೆಯಲ್ಲಿ ಹುಟ್ಟಿದವಳಲ್ಲ, ಮೂವತ್ತೆಂಟು ದಾಟಿದ ಮೇಲೆ ಕಲಿತವಳು. ಹೋದ ವರ್ಷ ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ, ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಹಳೆಯ ಕಪ್ಪು-ಕೆಂಪು ಮಡಕೆಗಳ ಮುಂದೆ ನಿಂತವಳು ಬಹಳ ಹೊತ್ತು ಕದಲಲಿಲ್ಲ. ಅದರಲ್ಲಿ ಒಂದು ಬಟ್ಟಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಳದಿಂದ ಹೆಗಲಿನವರೆಗೆ ಇಟ್ಟಿಗೆಯ ಕೆಂಪು. ಬಾಯಿಯ ಅಂಚು ಮತ್ತು ಒಳಮೈ ಪೂರ್ತಿ ಕಾಡಿಗೆಯ ಕಪ್ಪು. ಎರಡೂ ಕೂಡುವ ಕಡೆ ಗೆರೆ ಎಳೆದಂತಿಲ್ಲ. ಕೆಂಪು ಕಂದಾಗಿ, ಕಂದು ಬೂದಿಯಾಗಿ, ಬೂದಿ ಕಪ್ಪಾಗುತ್ತದೆ. ಬಣ್ಣ ಬಳಿದು ಅದನ್ನು ತರಲು ಸಾಧ್ಯವೇ ಇಲ್ಲ ಎಂದು ಅಲ್ಲೇ ಅನ್ನಿಸಿತು.

ಅಂದಿನಿಂದ ಆ ಬಟ್ಟಲನ್ನು ಗಿಡದ ಕುಂಡವಾಗಿ ಮಾಡುವ ಹಟ ಹಿಡಿದಿದ್ದೇನೆ. ಅರೆ ಒಣಗಿದಾಗ ನುಣುಪು ಕಲ್ಲಿನಿಂದ ಹೊರಮೈಯನ್ನು ಉಜ್ಜುತ್ತೇನೆ. ಸಣ್ಣ ಸೌದೆ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಭತ್ತದ ಹೊಟ್ಟು ಹರಡಿ, ಕುಂಡಗಳನ್ನು ಬೋರಲು ಹಾಕಿ ಸುಡುತ್ತೇನೆ. ಮೊನ್ನೆ ಒಂಬತ್ತು ಕುಂಡಗಳನ್ನು ಸುಟ್ಟೆ. ಅಂಚು ಚೆನ್ನಾಗಿ ಕಪ್ಪಾಯಿತು. ಆದರೆ ಒಳಗೆ ತಳದಲ್ಲಿ, ನೀರು ಇಳಿಯುವ ತೂತಿನ ಸುತ್ತ, ನಾಲ್ಕು ಬೆರಳು ಅಗಲದ ಕೆಂಪು ಉಂಗುರ ಉಳಿಯಿತು. ಒಂದರಲ್ಲಲ್ಲ, ಒಂಬತ್ತರಲ್ಲೂ, ಚಿತ್ರಗಳನ್ನು ಹಾಕಿದ್ದೇನೆ. ಮೂರು ಕುಂಡಗಳ ತಳ ಸೀಳಿತು. ಹೊಟ್ಟು ಹೆಚ್ಚು ಹಾಕಿ ನೋಡಿದ್ದಾಗಿದೆ, ಉರಿ ಕಡಿಮೆ ಮಾಡಿ ನೋಡಿದ್ದಾಗಿದೆ. ಬಲ್ಲವರು ದಾರಿ ತೋರಿಸಬೇಕು.

ಹರವಿ (ಗದಗ)

ಅಕ್ಕನವರೇ, ಉತ್ತರ ಹೇಳುವ ಮೊದಲು ನಾಲ್ಕು ಮಾತು ಕೇಳಬೇಕು. ತೂತು ಎಷ್ಟು ದಪ್ಪ? ಹಸಿಯಲ್ಲಿ ಕೊರೆದಿರೋ, ಸುಟ್ಟ ಮೇಲೋ? ತಳ ಚಪ್ಪಟೆಯೋ, ಗುಂಡಗಿದೆಯೋ? ಸೀಳಿದ ಬಿರುಕು ನೇರವಾಗಿದೆಯೋ, ಹಾವಿನಂತೆ ಬಳುಕಿದೆಯೋ?

ತಿಗರಿಯ ಮುಂದೆ

ಅಣ್ಣ, ತೂತು ಹೆಬ್ಬೆರಳಿನಷ್ಟಿದೆ, ಹಸಿಯಲ್ಲೇ ಕೊರೆದದ್ದು. ತಳ ಚಪ್ಪಟೆ. ಎರಡು ಬಿರುಕುಗಳು ತೂತಿನಿಂದ ಎರಡು ಕಡೆಗೆ ಬಳುಕಿಕೊಂಡು ಹೋಗಿವೆ. ಮೂರನೆಯದು ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಸುತ್ತಲೂ ಹರಿದಿದೆ.

ಹರವಿ

ಹಾಗಿದ್ದರೆ ನಿಮ್ಮ ಹೊಟ್ಟಿನದೂ ತಪ್ಪಿಲ್ಲ, ಉರಿಯದೂ ತಪ್ಪಿಲ್ಲ. ತೂತು ಹೊಗೆಗಂಡಿಯಾಗಿದೆ.

ಮಡಕೆಯನ್ನು ಬೋರಲು ಹಾಕುವುದು ಒಳಗಿನ ಗಾಳಿಯನ್ನು ಕಟ್ಟಿಹಾಕಲು. ಹೊಟ್ಟು ಹೊಗೆಯಾಡುತ್ತದೆ, ಹೊಗೆಯ ಮಸಿ ಮಣ್ಣಿನ ರಂಧ್ರಗಳೊಳಗೆ ಇಳಿಯುತ್ತದೆ, ಗಾಳಿ ಬಾರದ ಕಾರಣ ಅದು ಸುಟ್ಟುಹೋಗದೆ ಉಳಿಯುತ್ತದೆ. ಹೊರಮೈಗೆ ಬೇಕಾದಷ್ಟು ಗಾಳಿ ಸಿಗುವುದರಿಂದ ಮಣ್ಣಿನಲ್ಲಿರುವ ಕಬ್ಬಿಣ ಕೆಂಪಾಗುತ್ತದೆ. ಹಳೆಯ ಬಟ್ಟಲಿಗೆ ತಳದಲ್ಲಿ ತೂತಿರಲಿಲ್ಲ. ನೀವು ತೂತು ಮಾಡಿ ಬೋರಲು ಹಾಕಿದಿರಿ ಎಂದರೆ ನೆತ್ತಿಯಲ್ಲಿ ಚಿಮಣಿ ಇಟ್ಟಂತಾಯಿತು. ಉರಿಯಿರುವಾಗ ಹೊಗೆಯೆಲ್ಲ ಅಲ್ಲಿಂದ ಹೊರಟುಹೋಗುತ್ತದೆ, ಆವಿಗೆ ತಣಿಯುವಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಬರುತ್ತದೆ. ಬಿಸಿ ಇರುವಾಗ ಗಾಳಿ ತಾಕಿದರೆ ಹಿಡಿದ ಮಸಿಯೂ ಉರಿದುಹೋಗುತ್ತದೆ. ಉಂಗುರ ಬಂದದ್ದು ಹೀಗೆ.

ಮಾಡಬೇಕಾದದ್ದು ಸುಲಭ. ಆವಿಗೆಗೆ ಇಡುವಾಗ ತೂತಿನ ಮೇಲೆ ಒಂದು ಬೋಕಿ (ಒಡೆದ ಮಡಕೆಯ ಚೂರು) ಮುಚ್ಚಿ, ಅದರ ಸುತ್ತ ಬೂದಿ ಬೆರೆಸಿದ ಕೆಸರು ಮೆತ್ತಿ. ಬೂದಿ ಹೆಚ್ಚಿದ್ದರೆ ಸುಟ್ಟ ಮೇಲೆ ಒಂದು ತಟ್ಟಿಗೆ ಉದುರುತ್ತದೆ. ಆವಿಗೆ ಪೂರ್ತಿ ತಣಿಯುವವರೆಗೆ ಕೈ ಹಾಕಬೇಡಿ. ಬೆಳಿಗ್ಗೆ ತೆರೆಯುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ತಂದೆ ಆವಿಗೆಯ ಮಣ್ಣನ್ನು ಕೆನ್ನೆಗೆ ತಾಕಿಸಿ ನೋಡದೆ ಒಂದು ಮಡಕೆಯನ್ನೂ ಎತ್ತಗೊಡುತ್ತಿರಲಿಲ್ಲ.

ಬಿರುಕಿನ ಮಾತು ಬೇರೆ. ತಿಗರಿಯ ಮೇಲೆ ಗೋಡೆಯ ಮಣ್ಣನ್ನು ಎಳೆದು, ಹಿಂಡಿ ಏರಿಸುತ್ತೇವೆ. ತಳದ ಮಣ್ಣು ಮಾತ್ರ ಹಾಗೆಯೇ ಸಡಿಲ ಉಳಿಯುತ್ತದೆ. ಒಣಗುವಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ, ತಳ ಬಳುಕಿ ಸೀಳುತ್ತದೆ. ಮೂಲೆಯ ಬಿರುಕು ಚಪ್ಪಟೆ ತಳದ ಶಾಪ. ನಮ್ಮಲ್ಲಿ ನೀರಿನ ಹರವಿಗೆ ತಿಗರಿಯಿಂದ ದಪ್ಪ ಗೋಡೆಯ ಸಣ್ಣ ಆಕಾರವನ್ನು ಮಾತ್ರ ಇಳಿಸುತ್ತೇವೆ. ಎರಡನೆಯ ದಿನ ಒಳಗೆ ದುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟಿ ತಟ್ಟಿ ಹಿಗ್ಗಿಸುತ್ತೇವೆ. ತಟ್ಟಿದ ತಳ ಗುಂಡಗಾಗುತ್ತದೆ, ತೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ. ಒಲೆಯ ಮೇಲಿಟ್ಟರೂ ಒಡೆಯದಿರುವುದು ಆ ತಟ್ಟಿನಿಂದ.

ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಲ್ಲಿ ತರಬೇತಿಗೆ ಹೋದಾಗ ವಿದ್ಯುತ್ ತಿಗರಿಯನ್ನೂ ಹೊಸ ಆವಿಗೆಯನ್ನೂ ಕಲಿತೆ. ಅವುಗಳಿಂದ ಉಪಯೋಗವೂ ಆಗಿದೆ. ಆದರೂ ತಳದ ವಿಷಯದಲ್ಲಿ ಹಲಗೆ ಮತ್ತು ಕಲ್ಲನ್ನು ನಾನು ಬಿಟ್ಟಿಲ್ಲ.

ತಾರಸಿ ತೋಟ (ಬೆಂಗಳೂರು)

ಗುಂಡು ತಳ ಮಡಕೆಗೆ ಸರಿ, ಆದರೆ ಗಿಡ ಬೆಳೆಸುವವಳಾಗಿ ಕೇಳುತ್ತೇನೆ: ಅದು ತಾರಸಿಯ ಮೇಲೆ ನಿಲ್ಲುವುದು ಹೇಗೆ? ಗಾಳಿ ಬೀಸಿದರೆ ಉರುಳುವುದಿಲ್ಲವೇ?

ಇನ್ನೊಂದು ಮಾತು. ಹಳೆಯ ಮಡಕೆಯ ರೂಪ ಎಂದು ಕಂಠ ಕಿರಿದಾದ ಕುಂಡ ತಂದು ನಾನು ದುಃಖ ಪಟ್ಟಿದ್ದೇನೆ. ಅದರಲ್ಲಿ ಮಲ್ಲಿಗೆ ಹಚ್ಚಿದೆ. ಎರಡು ವರ್ಷ ಚೆನ್ನಾಗಿ ಹೂ ಬಿಟ್ಟಿತು, ಆಮೇಲೆ ಬಡಕಲಾಯಿತು. ಮಣ್ಣು ಬದಲಿಸೋಣವೆಂದರೆ ಬೇರಿನ ಉಂಡೆ ಹೊಟ್ಟೆಯಷ್ಟು ಅಗಲವಾಗಿ ಬೆಳೆದಿದೆ, ಬಾಯಿ ಅದರ ಅರ್ಧದಷ್ಟಿದೆ. ಬೇರು ಕತ್ತರಿಸಬೇಕು, ಇಲ್ಲವೇ ಕುಂಡ ಒಡೆಯಬೇಕು. ಸುತ್ತಿಗೆ ಹಿಡಿದು ಅರ್ಧ ಗಂಟೆ ಕುಳಿತಿದ್ದೆ. ಕೊನೆಗೆ ಕುಂಡವನ್ನೇ ಒಡೆದೆ. ಆದ್ದರಿಂದ ದಯವಿಟ್ಟು ಬಾಯಿ ಹೊಟ್ಟೆಗಿಂತ ಕಿರಿದಾಗದಂತೆ ಮಾಡಿ. ನೀವು ನೋಡಿದ್ದು ಬಟ್ಟಲಾಗಿದ್ದರೆ ಅದೇ ಸರಿಯಾದ ಆಯ್ಕೆ.

ಅಗೆತದ ಪದರ (ಧಾರವಾಡ)

ನಾನು ಪುರಾತತ್ವದ ವಿದ್ಯಾರ್ಥಿನಿ. ತಾರಸಿಯವರ ಮೊದಲ ಪ್ರಶ್ನೆಗೆ ಉತ್ತರ ಆ ಕಾಲದ ಜನರ ಬಳಿಯೇ ಇತ್ತು. ಬೃಹತ್ ಶಿಲಾ ಸಮಾಧಿಗಳ ಕಾಲದ ಮಡಕೆಗಳ ಜೊತೆಯಲ್ಲಿ ಮಣ್ಣಿನ ಬಳೆಯಂತಹ ಆಧಾರಗಳೂ ಸಿಗುತ್ತವೆ, ನಡು ಸಣ್ಣಗಾಗಿ ಎರಡು ತುದಿ ಅಗಲವಾದ ಉಂಗುರಗಳು. ಗುಂಡು ತಳದ ಪಾತ್ರೆ ಅದರ ಮೇಲೆ ಕೂರುತ್ತಿತ್ತು. ನಮ್ಮ ಅಜ್ಜಿಯರು ಕೊಡ ಹೊರಲು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಸಿಂಬೆಯ ಹಾಗೆ, ಆದರೆ ಸುಟ್ಟ ಮಣ್ಣಿನದು.

ಹಿನ್ನೆಲೆ ಬೇಕಾದವರಿಗೆ ಸ್ವಲ್ಪ ಹೇಳುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದರು. ಅದೇ ವರ್ಷ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯನ್ನೂ ಅಗೆದರು. ಅವರಿಗಿಂತ ಮೊದಲೇ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಎರಡೂ ಕಡೆ ಕೆಲಸ ಮಾಡಿದ್ದರು. ವೀಲರ್ ಅಲ್ಲಿ ಮೂರು ಹಂತಗಳನ್ನು ಗುರುತಿಸಿದರು. ಕೆಳಗಿನದು ಕಲ್ಲುಕೊಡಲಿಯ ಜನರದು, ಕೈಯಲ್ಲೇ ಮಾಡಿದ ಬೂದು ಮಡಕೆಗಳು. ನಡುವಿನದು ಸಮಾಧಿಗಳನ್ನು ಕಟ್ಟಿದ, ಕಬ್ಬಿಣ ಬಲ್ಲ ಜನರದು. ಕಪ್ಪು-ಕೆಂಪು ಮಡಕೆ ಇಲ್ಲಿಯದು. ಮೇಲಿನದು ಶಾತವಾಹನರ ಕಾಲ. ನಡುವಿನ ಹಂತಕ್ಕೆ ವೀಲರ್ ಕೊಟ್ಟ ಕಾಲ ಕ್ರಿ.ಪೂ. 200ರ ಸುಮಾರು. ಆಮೇಲೆ 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರನ್ನು ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಇಂಗಾಲದ ಕಾಲಗಣನೆ, ದಕ್ಷಿಣದಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ತಳ್ಳಿತು. ಆದ್ದರಿಂದ ಕುಂಡದ ಚೀಟಿಯಲ್ಲಿ ಒಂದು ನಿಖರ ವರ್ಷ ಬರೆಯಬೇಡಿ. 'ಕಬ್ಬಿಣಯುಗದ ಮಡಕೆಯ ಮಾದರಿ' ಎಂದರೆ ಸಾಕು, ಅದು ನಿಜವೂ ಹೌದು.

ಬೋರಲು ಸುಡುವುದರ ಬಗ್ಗೆ ನಮ್ಮಲ್ಲಿ ಇನ್ನೂ ವಾದವಿದೆ. ಒಮ್ಮೆಗೇ ಬೋರಲು ಹಾಕಿ ಸುಟ್ಟರು ಎನ್ನುವವರಿದ್ದಾರೆ. ಮೊದಲು ಕೆಂಪಾಗಿ ಸುಟ್ಟು, ಮತ್ತೊಮ್ಮೆ ಹೊಗೆಯಲ್ಲಿ ಕಪ್ಪು ಮಾಡಿದರು ಎನ್ನುವವರೂ ಇದ್ದಾರೆ. ಹರವಿಯವರು ತೂತಿನ ಬಗ್ಗೆ ಹೇಳಿದ್ದನ್ನು ನಾನು ಯಾವ ತರಗತಿಯಲ್ಲೂ ಕೇಳಿರಲಿಲ್ಲ. ಈ ಒಂಬತ್ತು ಕುಂಡಗಳ ಚಿತ್ರಗಳನ್ನು ದಯವಿಟ್ಟು ಅಳಿಸಬೇಡಿ.

ಗಾಜುಮೈ (ಮೈಸೂರು)

ನನ್ನದು 1,200 ಡಿಗ್ರಿಗಿಂತ ಮೇಲೆ ಸುಡುವ ಕೆಲಸ, ಮೆರುಗು ಹಚ್ಚಿದ ಪಿಂಗಾಣಿ. ಎಲ್ಲರೂ ಮೆಚ್ಚುತ್ತಿರುವಾಗ ಬೇರೆ ಮಾತಾಡುವುದಕ್ಕೆ ಕ್ಷಮೆಯಿರಲಿ. ಸೌದೆ ಆವಿಗೆ 700ರಿಂದ 850 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಮಣ್ಣು ಪೂರ್ತಿ ಬೆಸೆದಿರುವುದಿಲ್ಲ. ಕುಡಿಯುವ ನೀರಿನ ಮಡಕೆಗೆ ಅದು ಗುಣ, ಗಿಡದ ಕುಂಡಕ್ಕೆ ದೋಷವಾಗಬಹುದು. ಕೊಳವೆಬಾವಿಯ ಗಡಸು ನೀರು ಮತ್ತು ಗೊಬ್ಬರದ ಲವಣ ಗೋಡೆಯೊಳಗೆ ಹೀರಿಕೊಂಡು, ಹೊರಮೈಯಲ್ಲಿ ನೀರು ಆರಿದಾಗ ಹರಳುಗಟ್ಟುತ್ತವೆ. ಮೊದಲು ಬಿಳಿಯ ಪುಡಿ ಕಾಣುತ್ತದೆ, ಆಮೇಲೆ ಮೈ ಹಪ್ಪಳದಂತೆ ಏಳುತ್ತದೆ. ಕೆಲವೇ ವರ್ಷಗಳಲ್ಲಿ ಉಜ್ಜಿದ ಹೊಳಪೆಲ್ಲ ಹೋಗುತ್ತದೆ. ಹಣ ಕೊಟ್ಟು ಕೊಂಡವರಿಗೆ ಇದನ್ನು ಮೊದಲೇ ಹೇಳಬೇಕು.

ತಿಗರಿಯ ಮುಂದೆ

ಹೇಳಿದ್ದು ಒಳ್ಳೆಯದಾಯಿತು. ಹಾಗಿದ್ದರೆ ಎತ್ತರದ ಶಾಖದಲ್ಲಿ ಇದೇ ಕಪ್ಪನ್ನು ತರಬಹುದೇ?

ಗಾಜುಮೈ

ಮಸಿಯ ಕಪ್ಪನ್ನು ಅಷ್ಟು ಶಾಖದಲ್ಲಿ ಹಿಡಿದಿಡುವುದು ಬಹಳ ಕಷ್ಟ. ಕಪ್ಪು ಮೆರುಗು, ಕೆಂಪು ಮೆರುಗು ಹಚ್ಚಿ ಹೋಲಿಕೆ ತರಬಹುದು. ಆದರೆ ನೀವು ವರ್ಣಿಸಿದ ಆ ಕಂದು-ಬೂದಿ ಸಂಧಿ ಬರುವುದಿಲ್ಲ, ಗೆರೆ ಕಾಣುತ್ತದೆ. ಒಪ್ಪುತ್ತೇನೆ.

ತಾರಸಿ ತೋಟ

ಮೆರುಗಿನ ಕುಂಡಗಳೂ ನನ್ನಲ್ಲಿವೆ, ಬರಿಯ ಮಣ್ಣಿನವೂ ಇವೆ. ಮೆರುಗಿನದರಲ್ಲಿ ಗೋಡೆಯಿಂದ ನೀರು ಆರುವುದಿಲ್ಲ. ಮಳೆಗಾಲದಲ್ಲಿ ನನ್ನ ಲೋಳೆಸರ ಎರಡು ಸಲ ಕೊಳೆತದ್ದು ಅದರಲ್ಲೇ. ಬರಿಯ ಮಣ್ಣಿನ ಕುಂಡ ಬೇಸಿಗೆಯಲ್ಲಿ ದಿನವೂ ನೀರು ಬೇಡುತ್ತದೆ ನಿಜ, ಆದರೆ ಮಧ್ಯಾಹ್ನ ಮುಟ್ಟಿದರೆ ತಣ್ಣಗಿರುತ್ತದೆ. ಪಕ್ಕದ ಪ್ಲಾಸ್ಟಿಕ್ ಕುಂಡವನ್ನು ಮುಟ್ಟಿದರೆ ಕೈ ಸುಡುತ್ತದೆ. ಬೇರಿಗೂ ಹಾಗೆಯೇ ಇರಬೇಕಲ್ಲವೇ? ಬಿಳಿಯ ಪುಡಿಗೆ ನಾನು ಹುಣಸೆಹಣ್ಣಿನ ನೀರು ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತೇನೆ. ಹೊಸ ಕುಂಡವನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಮಣ್ಣು ತುಂಬುತ್ತೇನೆ, ಇಲ್ಲದಿದ್ದರೆ ಗಿಡಕ್ಕೆ ಹಾಕಿದ ಮೊದಲ ನೀರನ್ನೆಲ್ಲ ಕುಂಡವೇ ಕುಡಿಯುತ್ತದೆ. ಮಳೆನೀರು ಹಿಡಿದಿಡುವವರಿಗೆ ಲವಣದ ತೊಂದರೆ ಅಷ್ಟಿರುವುದಿಲ್ಲ.

ಬೆಟ್ಟದ ಹಾದಿ

ಚರ್ಚೆ ತುಂಬಾ ಚೆನ್ನಾಗಿದೆ. ಇಂತಹ ಹಳೆಯ ಊರುಗಳ ಹೊಲಗಳಲ್ಲಿ ಕಪ್ಪು-ಕೆಂಪು ಬೋಕಿಗಳು ಬಿದ್ದಿರುವುದನ್ನು ನೋಡಿದ್ದೇನೆ. ನಾಲ್ಕು ಆಯ್ದು ತಂದು ತಿಗರಿಯವರಿಗೆ ಕಳುಹಿಸಲೇ? ಎದುರಿಗಿದ್ದರೆ ಬಣ್ಣ ಹೊಂದಿಸಲು ಸುಲಭ.

ಅಗೆತದ ಪದರ

ದಯವಿಟ್ಟು ಬೇಡ. ನಿಮ್ಮ ಮನಸ್ಸು ಒಳ್ಳೆಯದೆಂದು ಗೊತ್ತು. ಆದರೆ ಒಂದು ಬೋಕಿ ಎಲ್ಲಿ ಬಿದ್ದಿದೆ, ಅದರ ಪಕ್ಕದಲ್ಲಿ ಏನಿದೆ ಎಂಬುದರಿಂದಲೇ ನಾವು ಒಂದು ಊರಿನ ಎಲ್ಲೆಯನ್ನು ಗುರುತಿಸುತ್ತೇವೆ. ಎತ್ತಿಕೊಂಡ ಕ್ಷಣದಿಂದ ಅದು ಬರಿಯ ಚೂರು. ಸಂರಕ್ಷಿತ ಸ್ಥಳದಿಂದ ತೆಗೆದರೆ ಅಪರಾಧವೂ ಹೌದು. ಬೋಕಿ ಇದ್ದಲ್ಲೇ ಇರಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಬಣ್ಣ ನೋಡಲು ಚಿತ್ರದುರ್ಗದ ವಸ್ತುಸಂಗ್ರಹಾಲಯವಿದೆ, ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ.

ಬೆಟ್ಟದ ಹಾದಿ

ತಿಳಿಯಿತು. ತರುವುದಿಲ್ಲ, ಚಿತ್ರ ತೆಗೆದು ಹಾಕುತ್ತೇನೆ.

ಮೊಳಕಾಲ್ಮೂರಿನ ಮೇಷ್ಟ್ರು

ಬ್ರಹ್ಮಗಿರಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಆ ಸೀಮೆಯಲ್ಲೇ ಪಾಠ ಹೇಳಿದವನು. ಪ್ರತಿ ವರ್ಷ ಮಕ್ಕಳನ್ನು ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದೊಯ್ಯುತ್ತಿದ್ದೆ. ಅಮ್ಮಾ, ನಿಮ್ಮ ಕೆಲಸ ಓದಿ ಸಂತೋಷವಾಯಿತು. ಆದರೆ ಯಾರೂ ಎತ್ತದ ಒಂದು ಸಂಗತಿ ಇದೆ. ಆ ಮಡಕೆಗಳಲ್ಲಿ ಬಹಳಷ್ಟು ಸಿಕ್ಕಿದ್ದು ಸಮಾಧಿಗಳಲ್ಲಿ. ಜೊತೆಗೆ ನಮ್ಮಲ್ಲಿ ತೂತು ಮಾಡಿದ ಮಡಕೆ ಎಂದರೆ ಚಿತೆಯ ಸುತ್ತ ನೀರು ಸುರಿಸುತ್ತಾ ಬರುವ ಮಡಕೆಯೇ ನೆನಪಾಗುತ್ತದೆ. ನನ್ನ ಸೊಸೆ ಕಪ್ಪು ಕುಂಡವೊಂದನ್ನು ತಂದಾಗ ನನ್ನ ಹೆಂಡತಿ ಅದನ್ನು ಬಾಗಿಲ ಮುಂದೆ ಇಡಲು ಬಿಡಲಿಲ್ಲ. ಅವಳನ್ನು ಮೂಢಳೆಂದು ನಾನು ಹೇಳಲಾರೆ. ಅವಳ ತಾಯಿಯ ಸಾವಿನ ದಿನ ಅವಳು ನೋಡಿದ್ದು ಅದು.

ಅಗೆತದ ಪದರ

ಮೇಷ್ಟ್ರೇ, ಒಂದು ವಿಷಯ ಸೇರಿಸಬಹುದೇ? ಕಪ್ಪು-ಕೆಂಪು ಮಡಕೆಗಳು ಸಮಾಧಿಗಳಲ್ಲಿ ಮಾತ್ರವಲ್ಲ, ಬ್ರಹ್ಮಗಿರಿಯ ವಾಸದ ನೆಲೆಯ ಪದರಗಳಲ್ಲೂ ಸಿಕ್ಕಿವೆ. ಉಣ್ಣುವ ಬಟ್ಟಲನ್ನೇ ಸತ್ತವರ ಜೊತೆ ಇಟ್ಟರು.

ಮೊಳಕಾಲ್ಮೂರಿನ ಮೇಷ್ಟ್ರು

ಅದನ್ನು ಇವಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ತಟ್ಟೆಯನ್ನು ಅವರಿಗೇ ಕೊಟ್ಟು ಕಳಿಸಿದರು" ಎಂದಳು.

ಅವಳೇ ಇನ್ನೊಂದನ್ನೂ ನೆನಪಿಸಿದಳು. ಮದುವೆಯಲ್ಲಿ, ದೇವಸ್ಥಾನದ ಉತ್ಸವದಲ್ಲಿ ಅಂಕುರಾರ್ಪಣೆ ಮಾಡುವಾಗ ಮಣ್ಣಿನ ಪಾಲಿಕೆಗಳಲ್ಲಿ ನವಧಾನ್ಯ ಬಿತ್ತಿ ಮೊಳಕೆ ಬರಿಸುತ್ತೇವಲ್ಲ. ನವರಾತ್ರಿಯ ಘಟಸ್ಥಾಪನೆಯಲ್ಲೂ ಮಡಕೆಯ ಸುತ್ತ ಮಣ್ಣು ಹರವಿ ಕಾಳು ಬಿತ್ತುವುದುಂಟು. ಮಣ್ಣಿನ ಪಾತ್ರೆಯಲ್ಲಿ ಹಸಿರು ಬೆಳೆಸುವುದು ನಮಗೆ ಹೊಸದಲ್ಲ, ಅದು ಮಂಗಳ ಕಾರ್ಯದ್ದೇ. ತಿಗರಿಯಮ್ಮ, ಪಾಲಿಕೆಯ ಆಕಾರವನ್ನು ನೋಡಿದ್ದೀರಾ? ಅಗಲ ಬಾಯಿ, ಸಣ್ಣ ನಡು, ಕೆಳಗೆ ಪೀಠ. ಬಟ್ಟಲನ್ನು ಸಿಂಬೆಯ ಮೇಲಿಟ್ಟರೆ ಹೆಚ್ಚು ಕಡಿಮೆ ಅದೇ ರೂಪ ಬರುತ್ತದೆ.

ತಿಗರಿಯ ಮುಂದೆ

ಮೇಷ್ಟ್ರೇ, ಇದನ್ನು ಓದಿ ಎದ್ದು ಹೋಗಿ ತಿಗರಿಯ ಮೇಲೆ ಮಣ್ಣು ಹಾಕಿದೆ. ಮೂರು ವಾರ ಬಿಟ್ಟು ಬರೆಯುತ್ತೇನೆ.

ಹರವಿ

ಮಣ್ಣು ಎಲ್ಲಿಯದು ಎಂದು ಕೇಳಲು ಮರೆತಿದ್ದೆ. ಕೆರೆಯ ಮಣ್ಣಾಗಿದ್ದರೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ಸುಣ್ಣದ ಹರಳು ಉಳಿದರೆ ಸುಟ್ಟಾಗ ಸುಣ್ಣವಾಗಿ, ಆಮೇಲೆ ತೇವ ಕುಡಿದು ಹಿಗ್ಗಿ, ಗೋಡೆಯಿಂದ ಚಕ್ಕೆ ಹಾರಿಸುತ್ತದೆ. ಗಿಡದ ಕುಂಡದಲ್ಲಿ ಸದಾ ತೇವ ಇರುವುದರಿಂದ ಅದು ತಪ್ಪದೆ ಆಗುತ್ತದೆ. ನಮ್ಮಲ್ಲಿ ಒಳ್ಳೆಯ ಮಣ್ಣಿನ ಕೆರೆಗಳೇ ಕಡಿಮೆಯಾಗುತ್ತಿವೆ. ಒಂದು ಗಾಡಿ ಮಣ್ಣಿಗೆ ಈಗ ಹತ್ತು ಕಡೆ ಅಲೆಯಬೇಕು. ಸಿಕ್ಕಿದ್ದನ್ನು ಜೋಪಾನವಾಗಿ ಬಳಸಿ.

ತಿಗರಿಯ ಮುಂದೆ

ಹೇಳಿದ ಮಾತಿಗಿಂತ ಎರಡು ವಾರ ತಡವಾಯಿತು, ಮಳೆ ಬಂದು ಏನೂ ಒಣಗಲಿಲ್ಲ.

ಎಂಟು ಬಟ್ಟಲು, ಎಂಟು ಸಿಂಬೆ ಮಾಡಿದೆ. ಬಾಯಿ ಹನ್ನೆರಡು ಅಂಗುಲ, ಆಳ ಎಂಟು ಅಂಗುಲ, ಕಂಠವಿಲ್ಲ. ತಳವನ್ನು ತಟ್ಟಲು ಹೊಳೆಯ ದುಂಡುಕಲ್ಲು ಹುಡುಕಿ ತಂದೆ. ಮೊದಲ ಎರಡು ದಿನ ಕಲ್ಲು ಒಂದು ಕಡೆ, ಹಲಗೆಯ ಪೆಟ್ಟು ಇನ್ನೊಂದು ಕಡೆ ಬೀಳುತ್ತಿತ್ತು. ಎರಡು ಬಟ್ಟಲು ಹರಿದವು, ಮತ್ತೆ ಮಾಡಿದೆ. ಮೂರನೆಯ ದಿನ ಸದ್ದು ಬದಲಾಯಿತು. ಸರಿಯಾಗಿ ಬಿದ್ದ ಪೆಟ್ಟಿನ ಸದ್ದು ದಪ್ಪಗೆ, ಮುಚ್ಚಿಕೊಂಡಂತೆ ಇರುತ್ತದೆ. ಆಮೇಲೆ ಕಣ್ಣನ್ನು ನೆಚ್ಚದೆ ಕಿವಿಯಿಂದಲೇ ತಟ್ಟಿದೆ.

ತೂತಿನ ಮೇಲೆ ಬೋಕಿ ಮುಚ್ಚಿ ಬೂದಿಗೆಸರು ಮೆತ್ತಿದೆ. ಒಂದು ಹಗಲು ಸುಟ್ಟು, ಎರಡು ರಾತ್ರಿ ಬಿಟ್ಟೆ. ತೆರೆಯುವ ಮೊದಲು ಆವಿಗೆಯ ಮಣ್ಣನ್ನು ಕೆನ್ನೆಗೆ ತಾಕಿಸಿ ನೋಡಿದೆ.

ಏಳು ಬಟ್ಟಲುಗಳ ಒಳಗೆ ತಳದವರೆಗೂ ಕಪ್ಪು. ಉಂಗುರವಿಲ್ಲ. ಎಂಟನೆಯದರಲ್ಲಿ ಮೆತ್ತಿದ ಕೆಸರು ಬಿರಿದು, ಒಂದು ಪಕ್ಕದಲ್ಲಿ ಮಾತ್ರ ಕೆಂಪು ಚಂದ್ರನಂತೆ ಉಳಿದಿದೆ. ಒಂದರ ತಳವೂ ಸೀಳಿಲ್ಲ. ಹೊರಗೆ ಬೋಕಿ ಕೂತ ಜಾಗದಲ್ಲಿ ಕಪ್ಪು ಮಚ್ಚೆ ಬಂದಿದೆ, ಆದರೆ ಸಿಂಬೆಯ ಮೇಲಿಟ್ಟಾಗ ಅದು ಕಾಣುವುದಿಲ್ಲ. ಎಣಿಸದೆ ಸಿಕ್ಕ ಲಾಭ ಇನ್ನೊಂದು: ಸಿಂಬೆಯಿಂದಾಗಿ ತೂತು ನೆಲಕ್ಕೆ ತಾಗುವುದಿಲ್ಲ. ಚಪ್ಪಟೆ ಕುಂಡದ ಕೆಳಗೆ ಸದಾ ಒದ್ದೆಯಾಗಿ ಪಾಚಿ ಕಟ್ಟುತ್ತಿದ್ದ ಜಾಗ ಈಗ ಒಣಗಿಯೇ ಇರುತ್ತದೆ. ಸಿಂಬೆಯ ನಡುವಿಗೆ ಗಾಳಿಯಾಡಲು ಮೂರು ಸಣ್ಣ ಕಿಂಡಿ ಬಿಟ್ಟಿದ್ದೇನೆ.

ಗಾಜುಮೈ ಅವರ ಮಾತಿನಂತೆ ಪ್ರತಿ ಕುಂಡದ ಜೊತೆ ಒಂದು ಚೀಟಿ ಇಡುತ್ತಿದ್ದೇನೆ: ಕಡಿಮೆ ಶಾಖದಲ್ಲಿ ಸುಟ್ಟದ್ದು, ಮಳೆನೀರು ಒಳ್ಳೆಯದು, ಗಡಸು ನೀರು ಹಾಕಿದರೆ ಹೊಳಪು ಮಾಸುತ್ತದೆ, ಆಮೇಲೆ ಮೈ ಏಳಬಹುದು. ಒಂದರಲ್ಲಿ ದೊಡ್ಡಪತ್ರೆ, ಎರಡರಲ್ಲಿ ಲೋಳೆಸರ ಹಚ್ಚಿದ್ದೇನೆ. ದೊಡ್ಡಪತ್ರೆಯ ಎಲೆ ಆ ಕಪ್ಪು ಅಂಚಿನ ಮೇಲೆ ಬಾಗಿದಾಗ ಎಷ್ಟು ಹಸಿರು ಕಾಣುತ್ತದೆ ಎಂದರೆ, ಮೊದಲ ದಿನ ಅದೇ ಗಿಡವೇ ಎಂದು ಮತ್ತೆ ಮುಟ್ಟಿ ನೋಡಿದೆ.

ಮೊಳಕಾಲ್ಮೂರಿನ ಮೇಷ್ಟ್ರು

ಒಂದು ನಮಗೆ ಬೇಕು. ಇವಳೇ ಕೇಳುತ್ತಿದ್ದಾಳೆ, ತುಳಸಿಗೆ ಆಗುತ್ತದೆಯೇ ಎಂದು.

ತಿಗರಿಯ ಮುಂದೆ

ತುಳಸಿಗೆ ಎಂಟು ಅಂಗುಲ ಆಳ ಕಡಿಮೆಯಾಗುತ್ತದೆ ಮೇಷ್ಟ್ರೇ. ಮುಂದಿನ ಆವಿಗೆಯಲ್ಲಿ ಹನ್ನೆರಡು ಅಂಗುಲ ಆಳದ್ದು ಮಾಡುತ್ತೇನೆ. ಹರವಿಯಣ್ಣ, ಅಷ್ಟು ಆಳವಾದರೆ ಒಳಗೆ ಹೊಗೆ ತುಂಬಲು ಹೊಟ್ಟು ಎಷ್ಟು ಬೇಕಾಗುತ್ತದೆ?

ಹರವಿ

ಹೊಟ್ಟು ಮಾತ್ರ ಸಾಲದು, ಕೆಳಗೆ ಪುಡಿ ಮಾಡಿದ ಬೆರಣಿಯನ್ನೂ ಹಾಕಿ. ಅದು ನಿಧಾನವಾಗಿ, ಬಹಳ ಹೊತ್ತು ಹೊಗೆಯಾಡುತ್ತದೆ. ಆದರೆ ಆಳದ ಕುಂಡದ ತಳವನ್ನು ಒಬ್ಬರೇ ತಟ್ಟುವುದು ಕಷ್ಟ. ದೀಪಾವಳಿಯ ಹಣತೆಗಳ ಕೆಲಸ ಮುಗಿದ ಮೇಲೆ ನನಗೆ ಬಿಡುವು. ಚಿತ್ರದುರ್ಗಕ್ಕೆ ಬರುತ್ತೇನೆ, ನನ್ನ ಹಲಗೆಯನ್ನೂ ತರುತ್ತೇನೆ. ಮಣ್ಣು ನೆನೆಹಾಕಿ ಇಟ್ಟಿರಿ.